ಬಸ್ ಹತ್ತಲಾಗದವರ ಲೆಕ್ಕವೂ ಬೇಕು

ಸಂಪಾದಕರಿಗೆ,

ಬೆಂಗಳೂರಿನ ನಗರ ಸಾರಿಗೆ ಬಸ್ಸುಗಳ ನೂಕುನುಗ್ಗಲಿನ ಮಾತು ಬಂದಾಗಲೆಲ್ಲ 2023ರ ಜೂನ್ 11ರಂದು ಜಾರಿಗೆ ಬಂದ ಮಹಿಳೆಯರ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆಯತ್ತ ಬೆರಳು ತೋರಿಸುವುದು ರೂಢಿಯಾಗಿಬಿಟ್ಟಿದೆ. ಮಹಿಳಾ ಪ್ರಯಾಣಿಕರು ಹೆಚ್ಚಿರುವುದು ನಿಜ, ಹೆಚ್ಚಲೆಂದೇ ಆ ಯೋಜನೆ ಬಂದಿದ್ದು. ಆದರೆ ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳ ಮತ್ತು ಸಿಲ್ಕ್ ಬೋರ್ಡ್ ನಡುವೆ ಓಡುವ 500ಡಿ ಬಸ್ಸುಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಬೆಳಗಿನ ಹೊತ್ತು ಬಾಗಿಲವರೆಗೂ ತುಂಬಿರುತ್ತಿದ್ದವು ಎಂಬುದನ್ನು ಮಾರತಹಳ್ಳಿಯಲ್ಲಿ ಕಾದು ನಿಂತವರೆಲ್ಲ ಬಲ್ಲರು.

ದಟ್ಟಣೆಗೆ ಬಸ್ಸುಗಳ ಕೊರತೆಯಷ್ಟೇ ಕಾರಣವಲ್ಲ, ಇರುವ ಬಸ್ಸುಗಳು ಒಂದರ ಬೆನ್ನಿಗೊಂದು ಬರುವುದೂ ಕಾರಣ. ಸಿಗ್ನಲ್‌ನಲ್ಲಿ ಸಿಕ್ಕಿಕೊಂಡು ಐದು ನಿಮಿಷ ತಡವಾದ ಬಸ್ಸಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಕಾದಿರುತ್ತಾರೆ. ಅವರು ಹತ್ತಿ ಇಳಿಯುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಅಷ್ಟರಲ್ಲಿ ಹಿಂದಿನ ಬಸ್ಸು, ತನಗೆ ಹತ್ತುವವರೇ ಇಲ್ಲದೆ, ಬೇಗ ಬೇಗ ಸಾಗಿ ಇದರ ಬೆನ್ನು ಹಿಡಿದಿರುತ್ತದೆ. ‘ಹಿಂದೆ ಖಾಲಿ ಗಾಡಿ ಬರ್ತಿದೆ, ಅದಕ್ಕೆ ಬನ್ನಿ’ ಎಂದು ನಿರ್ವಾಹಕರು ಕೂಗುವುದು ಎಲ್ಲ ಸಲವೂ ಸುಳ್ಳಲ್ಲ. ಆ ಮಾತನ್ನು ನಂಬಿ ಫುಟ್‌ಬೋರ್ಡಿನಿಂದ ಕೆಳಗಿಳಿಯುವವರು ಮಾತ್ರ ಕಡಿಮೆ, ಏಕೆಂದರೆ ಆ ಗಾಡಿ ನಿಲ್ಲಿಸದೆ ಹೋಗಿಬಿಟ್ಟರೆ ಗತಿಯೇನು ಎಂಬ ಭಯ ಅವರದು.

ಎಷ್ಟು ಸೀಟು ಭರ್ತಿಯಾಯಿತು ಎಂಬ ದಿನದ ಸರಾಸರಿಯಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ. ಮಧ್ಯಾಹ್ನದ ಅರೆಖಾಲಿ ಟ್ರಿಪ್ಪುಗಳು ಬೆಳಗಿನ ಒತ್ತಡವನ್ನು ಕಾಗದದ ಮೇಲೆ ಹಗುರ ಮಾಡಿಬಿಡುತ್ತವೆ. ಮೂರು ಬಸ್ಸು ಬಿಟ್ಟು ಕೊನೆಗೆ ಆಟೊ ಹಿಡಿದವರು ಟಿಕೆಟ್ ಯಂತ್ರದ ಲೆಕ್ಕಕ್ಕೇ ಬರುವುದಿಲ್ಲ. ಉಚಿತವಾಗಿ ಪ್ರಯಾಣಿಸುವ ಮಹಿಳೆಯರಿಗೆ ಕೊಡುವ ಶೂನ್ಯ ದರದ ಟಿಕೆಟ್ಟಿನಿಂದ ಅವರು ಎಲ್ಲಿ, ಯಾವ ಹೊತ್ತಿಗೆ ಹತ್ತುತ್ತಾರೆಂಬುದು ಈಗ ದಾಖಲಾಗುತ್ತಿದೆ. ಅದನ್ನು ಗಂಟೆವಾರು, ನಿಲ್ದಾಣವಾರು ವಿಂಗಡಿಸಿ, ದಟ್ಟಣೆಯ ವೇಳೆಯಲ್ಲಿ ನಿಲ್ದಾಣಗಳಲ್ಲೇ ನಿಂತು ಉಳಿದವರನ್ನೂ ಎಣಿಸಿದರೆ, ಎಲ್ಲಿಗೆ ಹೆಚ್ಚುವರಿ ಬಸ್ ಬೇಕೆಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ಬೆಳಿಗ್ಗೆ ಮತ್ತು ಸಂಜೆ ಪೂರ್ತಿ ಮಾರ್ಗದ ಬಸ್ಸುಗಳ ಜತೆಗೆ ಮಾರತಹಳ್ಳಿಯಿಂದಲೇ ಹೊರಡುವ ಗಿಡ್ಡ ಟ್ರಿಪ್ಪುಗಳನ್ನು ಓಡಿಸಬೇಕು. ಮಾರ್ಗಮಧ್ಯದಲ್ಲಿ ಸಂಚಾರ ನಿಯಂತ್ರಕರನ್ನು ನಿಲ್ಲಿಸಿ, ಬಸ್ಸುಗಳ ನಡುವಿನ ಅಂತರ ಕಾಪಾಡಬೇಕು. 2019ರಲ್ಲಿ ಇದೇ ರಸ್ತೆಯಲ್ಲಿ ಆರಂಭಿಸಿದ್ದ ಬಸ್ ಆದ್ಯತಾ ಪಥವನ್ನು, ಮೆಟ್ರೊ ಕಾಮಗಾರಿ ಮುಗಿದ ಕಡೆಯಲ್ಲೆಲ್ಲ ಆ ಜಾಗ ಕಾರುಗಳ ಪಾಲಾಗುವ ಮೊದಲೇ ಮತ್ತೆ ಗುರುತಿಸಬೇಕು.

– ನಿತ್ಯ ಪ್ರಯಾಣಿಕ, ಬೆಂಗಳೂರು