ಮ್ಯಾಂಚೆಸ್ಟರಿನಿಂದ: ನಾಲ್ಕು ಬಿಳಿ ಕುದುರೆಗಳ ಪ್ರಚಾರ

ಮ್ಯಾಂಚೆಸ್ಟರ್, ಭಾನುವಾರ

ಅಪ್ಪನಿಗೆ, ಅವ್ವನಿಗೆ ನಮಸ್ಕಾರ.

ನಾನು ಆರಾಮ. ಶೇಂಗಾ ಚಟ್ನಿಪುಡಿ ಡಬ್ಬಿಯ ತಳ ಕಾಣುತ್ತಿದೆ, ಅದೊಂದೇ ಚಿಂತೆ.

ನಿನ್ನೆ ಮಳೆ ಹಿಡಿಯಿತೆಂದು ರಾಯಲ್ ಎಕ್ಸ್‌ಚೇಂಜ್ ಒಳಗೆ ನುಗ್ಗಿದೆ. ಹಿಂದೆ ಹತ್ತಿ ವ್ಯಾಪಾರದ ಕಟ್ಟೆ, ಈಗ ನಾಟಕಮಂದಿರ. 1968ರಲ್ಲಿ ವಹಿವಾಟು ನಿಂತ ದಿನದ ಧಾರಣೆ ಎತ್ತರದ ಫಲಕದಲ್ಲಿ ಇನ್ನೂ ಹಾಗೇ ಇದೆ. ಕತ್ತೆತ್ತಿ ನೋಡುತ್ತ ನಮ್ಮ ಗದಗಿನ ಹತ್ತಿ ಮಾರ್ಕೆಟ್ ನೆನಪಾಯಿತು. ನಮ್ಮ ಸೀಮೆಯ ‘ಧಾರವಾಡ-ಅಮೆರಿಕನ್’ ಹತ್ತಿಯ ಮೇಲೆ ಈ ಊರಿನ ಗಿರಣಿಗಳ ಕಣ್ಣಿತ್ತಲ್ಲ!

ಅಪ್ಪ, ‘ಮಂತ್ರಿಗಿರಿ ಸಿಕ್ಕ ಮೇಲೆ ಇವರನ್ನು ಕೇಳೋರ್ಯಾರು’ ಅಂತ ಟಿವಿ ಮುಂದೆ ಬೈಯುತ್ತೀರಲ್ಲ, ಒಂದು ಕಾಲಕ್ಕೆ ಇಲ್ಲಿ ಹಾಗೆ ಕೇಳುವ ಕಾನೂನಿತ್ತು. ಹೊಸದಾಗಿ ಸಂಪುಟ ಸೇರಿದವನು ಸೀಟು ಬಿಟ್ಟು ಮತ್ತೆ ಮತದಾರರ ಮುಂದೆ ನಿಲ್ಲಬೇಕು. ಎಷ್ಟೋ ಸಲ ಎದುರಾಳಿಯೇ ಇರುತ್ತಿರಲಿಲ್ಲ, ಶಾಸ್ತ್ರಕ್ಕೊಂದು ಚುನಾವಣೆ. 1908ರ ಏಪ್ರಿಲ್‌ನಲ್ಲಿ ಹಾಗಾಗಲಿಲ್ಲ. ಆಸ್ಕ್ವಿತ್ ಪ್ರಧಾನಿಯಾಗಿ, 33ರ ಹರೆಯದ ಚರ್ಚಿಲ್‌ಗೆ ವ್ಯಾಪಾರ ಖಾತೆ ಕೊಟ್ಟರು. (ಹೌದು, ಅದೇ ಚರ್ಚಿಲ್. ಹೆಸರೆತ್ತಿದರೆ ನೀವು ಬಂಗಾಳದ ಬರಕ್ಕೆ ಹೋಗುತ್ತೀರಿ, ಗೊತ್ತು.) ಆಗಿನ್ನೂ ಲಿಬರಲ್ ಪಕ್ಷದವನು. ಕ್ಷೇತ್ರ ಇದೇ ವಾಯವ್ಯ ಮ್ಯಾಂಚೆಸ್ಟರ್, ಎದುರಿಗೆ ಕನ್ಸರ್ವೇಟಿವ್ ಜಾಯ್ನ್‌ಸನ್-ಹಿಕ್ಸ್.

ಅವ್ವಾ, ಇದು ನಿನಗೆ. ಸರ್ಕಾರದ ಹೊಸ ಮದ್ಯ ಮಸೂದೆಯಲ್ಲಿ ಬಾರುಗಳಲ್ಲಿ ಹೆಣ್ಣುಮಕ್ಕಳ ಕೆಲಸಕ್ಕೇ ಕುತ್ತಿತ್ತು. ಆ ಹುಡುಗಿಯರ ಪರವಾಗಿ, ಹೆಣ್ಣುಮಕ್ಕಳ ಹಕ್ಕಿಗೆ ಹೋರಾಡುತ್ತಿದ್ದ ಈವಾ ಗೋರ್-ಬೂತ್ ಚರ್ಚಿಲ್ ವಿರುದ್ಧ ಬೀದಿಗಿಳಿದಳು. ಅವಳ ಅಕ್ಕ ಕಾನ್‌ಸ್ಟನ್ಸ್ ಮಾರ್ಕಿವಿಚ್ ನಾಲ್ಕು ಬಿಳಿ ಕುದುರೆ ಹೂಡಿದ ಸಾರೋಟನ್ನು ತಾನೇ ಹೊಡೆದುಕೊಂಡು ಊರೆಲ್ಲ ಸುತ್ತಿದಳು. ಗುಂಪಿನಲ್ಲಿ ಒಬ್ಬ, ‘ನಿನಗೆ ಅಡುಗೆ ಬರುತ್ತದೇನು?’ ಅಂದನಂತೆ. ‘ಬರುತ್ತದೆ. ನಿನಗೆ ನಾಲ್ಕು ಕುದುರೆ ಸಾರೋಟು ಹೊಡೆಯಲು ಬರುತ್ತದೇನು?’ ಅಂದಳಂತೆ. ನೀನು ಹತ್ತಿ ಅಂಡಿಗೆ ಹೇರಿದ ಚಕ್ಕಡಿ ಹೊಡೆಯುವಾಗ ಗಂಡಸರು ನಕ್ಕದ್ದು ನೆನಪಿದೆಯಾ?

ಈ ಹೆಂಗಸರಿಗೆ ಪಾರ್ಲಿಮೆಂಟಿನ ಮತವೇ ಇರಲಿಲ್ಲ ನೋಡು. ಎಣಿಸಿದಾಗ ಹಿಕ್ಸ್‌ಗೆ 5,417, ಚರ್ಚಿಲ್‌ಗೆ 4,988. 429 ಮತಗಳ ಸೋಲು. ಹೆಂಗಸರೇ ಕೆಡವಿದರು ಅಂತ ಹೇಳಲು ನನಗೂ ಆಸೆ, ಆದರೆ ಶಾಲೆಗಳ ವಿಚಾರಕ್ಕೆ ಕ್ಯಾಥೊಲಿಕ್ಕರು ಮುನಿದಿದ್ದರು, ಹೆಂಡದಂಗಡಿಯವರಂತೂ ಮೊದಲೇ ಸಿಡುಕು.

ಚರ್ಚಿಲ್ ಏನು ಮನೆಗೆ ಹೋಗಲಿಲ್ಲ ಬಿಡಿ. ಮೇ 9ಕ್ಕೆ ಸ್ಕಾಟ್ಲೆಂಡಿನ ಡಂಡಿಯಿಂದ ಗೆದ್ದು ಬಂದ. ಅಲ್ಲಿಯೂ ಹೆಂಗಸರ ಮತದ ಹಕ್ಕಿಗೆ ಹೋರಾಡುವ ಒಬ್ಬಾಕೆ ದೊಡ್ಡ ಗಂಟೆ ಹಿಡಿದು, ಅವನು ಬಾಯಿ ತೆರೆದಾಗಲೆಲ್ಲ ಬಾರಿಸಿದಳು. ಮಂತ್ರಿಯಾದವನು ಮತ್ತೆ ಗೆಲ್ಲಬೇಕೆಂಬ ಆ ಕಾನೂನನ್ನು 1919ರಲ್ಲಿ ಸಡಿಲಿಸಿ, 1926ರಲ್ಲಿ ತೆಗೆದೇ ಹಾಕಿದರು. ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಕೊನೆಗೆ ಬರೆದೆ.

ಸಾರೋಟಿನ ಭಾಗ ಅವ್ವನಿಗೆ ಎರಡು ಸಲ ಓದಿ ಹೇಳಿ. ಚಟ್ನಿಪುಡಿಗೆ ಈ ಸಲ ಬೆಳ್ಳುಳ್ಳಿ ಜಾಸ್ತಿ ಇರಲಿ.

ನಿಮ್ಮ ಮಗಳು