ಬೇರೂ ಉಸಿರಾಡುತ್ತದೆ, ಪುಟ್ಟೀ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ‘ಜೀವಕ್ರಿಯೆಗಳು’ ಪಾಠ ಪೂರ್ತಿ ಬಾಯಿಪಾಠ ಆಯ್ತು ಎಂದು ಬರೆದಿದ್ದೀಯ, ಸಂತೋಷ. ಆದರೆ ‘ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ’ ಎಂದೂ ಬರೆದಿದ್ದೀಯಲ್ಲ, ಅದನ್ನು ಈಗಲೇ ತಿದ್ದಿಕೋ. ಗಿಡ ಹಗಲೂ ಉಸಿರಾಡುತ್ತದೆ, ರಾತ್ರಿಯೂ ಉಸಿರಾಡುತ್ತದೆ. ನಮ್ಮ ಹಾಗೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಿಸಿಲಿದ್ದಾಗ ಎಲೆ ಆಹಾರವನ್ನೂ ತಯಾರಿಸುತ್ತದೆ. ಆಗ ಹೊರಗೆ ಬರುವ ಆಮ್ಲಜನಕವೇ ಜಾಸ್ತಿ, ಹಾಗಾಗಿ ಉಸಿರಾಟ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟೇ.

ಇದು ಮನಸ್ಸಿಗೆ ಹತ್ತಬೇಕಾದರೆ ಎಲೆ ಬಿಟ್ಟು ಬೇರು ನೋಡು. ಮಣ್ಣೊಳಗಿನ ಬೇರಿಗೆ ಬಿಸಿಲಿಲ್ಲ, ಹಸಿರಿಲ್ಲ. ಆದರೂ ಅದಕ್ಕೆ ಉಸಿರು ಬೇಕು. ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಮಳೆಗಾಲದ ಮೊದಲು ಅಡಿಕೆ ತೋಟದ ಬಸಿಗಾಲುವೆಯ ಹೂಳು ಎತ್ತಿಸುತ್ತೇವಲ್ಲ, ಅದು ಸುಮ್ನೆ ಅಲ್ಲ. ನೀರು ನಿಂತರೆ ಆ ಸಂದಿಗಳೆಲ್ಲ ತುಂಬಿಹೋಗುತ್ತವೆ, ಬೇರಿಗೆ ಉಸಿರು ಕಟ್ಟುತ್ತದೆ. ಅಂಥ ಮರದ ಬುಡ ಕೆದಕಿ ಒಂದು ಬೇರು ಹಿಡಿದು ನೋಡು. ಕಪ್ಪಾಗಿ ಮೆತ್ತಗಾಗಿರುತ್ತದೆ, ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತದೆ, ಕೊಳೆತ ವಾಸನೆ. ಆಮೇಲೆ ಸೋಗೆ ಹಳದಿಯಾಗುತ್ತದೆ. ಸುತ್ತ ನೀರಿದ್ದೂ ಅದನ್ನು ಹೀರುವ ಶಕ್ತಿ ಆ ಬೇರಿಗಿರುವುದಿಲ್ಲ.

ಹಾಗಾದರೆ ತೋಟದ ಕೆಳಗಿನ ಗದ್ದೆಯ ಭತ್ತ ಹೇಗೆ ಬದುಕುತ್ತದೆ ಎಂದು ನೀನು ಕೇಳಬೇಕು. ಕೇಳಲಿಲ್ಲವಾದರೆ ನನಗೆ ಬೇಜಾರು! ಭತ್ತದ ಕಾಂಡದೊಳಗೆ, ಬೇರಿನೊಳಗೆ ಗಾಳಿ ಹೋಗುವ ಟೊಳ್ಳು ದಾರಿಗಳಿವೆ. ನೀರಿನ ಮೇಲಿರುವ ಭಾಗದಿಂದ ಗಾಳಿ ಬೇರಿನವರೆಗೆ ಇಳಿಯುತ್ತದೆ. ಜೋಗದಿಂದ ಹೊನ್ನಾವರದ ಕಡೆ ಹೋಗುವಾಗ ಸಿಗುವ ಕತ್ತಲೆಕಾನಿನಲ್ಲಿ ಇನ್ನೊಂದು ಉಪಾಯ ಕಾಣಿಸುತ್ತದೆ. ಅಲ್ಲಿನ ಜವುಗು ಜಡ್ಡಿಯಲ್ಲಿ ಜಾಯಿಕಾಯಿ ಜಾತಿಯ ಕಾಡುಮರಗಳಿವೆ. ಅವುಗಳಲ್ಲಿ ಕೆಲವು ಮರಗಳ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು, ಗಾಳಿ ತೆಗೆದುಕೊಂಡು, ಮತ್ತೆ ಕೆಸರಿಗೆ ಇಳಿಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.

ಪರೀಕ್ಷೆಗೆ ‘ವ್ಯತ್ಯಾಸ ಬರೆಯಿರಿ’ ಪಟ್ಟಿ ಕಲಿಯಲೇಬೇಕು, ಕಲಿ. ಆದರೆ ಪ್ರತಿ ಜೀವಿಯ ಹತ್ತಿರ ನಿಂತು ‘ಇದಕ್ಕೆ ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ?’ ಎಂದು ಕೇಳಿಕೋ. ಮೀನಿಗೆ ಕಿವಿರು, ಜಿರಲೆಗೆ ಮೈಬದಿಯ ಸಣ್ಣ ತೂತುಗಳು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ (ಕಾಡಿನ ಜಿಗಣೆಗೆ) ಶ್ವಾಸಕೋಶವೇ ಇಲ್ಲ, ಒದ್ದೆ ಚರ್ಮದಿಂದಲೇ ಉಸಿರಾಟ. ಮೈ ಒಣಗಿದರೆ ಅದರ ಕಥೆ ಮುಗಿಯಿತು. ಅದಕ್ಕೇ ನಮ್ಮ ಮಳೆಕಾಡು ಅದಕ್ಕೆ ಅಷ್ಟು ಇಷ್ಟ. ಕಪ್ಪೆಗೆ ಶ್ವಾಸಕೋಶವೂ ಉಂಟು, ಚರ್ಮವೂ ಉಸಿರಾಡುತ್ತದೆ. ಅದರ ಗಂಟಲು ಪಟಪಟ ಬಡಿಯುವುದನ್ನು ನೋಡಿದ್ದೀಯಲ್ವಾ? ನಮ್ಮ ಹಾಗೆ ಎದೆ ಹಿಗ್ಗಿಸಿ ಗಾಳಿ ಎಳೆಯಲು ಅದಕ್ಕೆ ಬರುವುದಿಲ್ಲ, ಬಾಯಿಯ ತಳದಿಂದ ಒಳಗೆ ದೂಡುತ್ತದೆ.

ದಸರಾ ರಜೆಗೆ ಬಾ, ಕತ್ತಲೆಕಾನಿಗೆ ಹೋಗೋಣ. ಉದ್ದ ಕಾಲುಚೀಲ ಮರೆಯಬೇಡ. ಅಲ್ಲಿಯವರೆಗೆ ಹಾಸ್ಟೆಲ್ಲಿನ ಹೂಕುಂಡಗಳ ತಳದ ತೂತು ಕಟ್ಟಿಕೊಂಡಿದೆಯೋ ನೋಡಿ, ಕಟ್ಟಿದ್ದರೆ ಬಿಡಿಸು.

ಇಂತಿ,
ನಿನ್ನ ದೊಡ್ಡಪ್ಪ