ಬ್ಯಾರೋಮೀಟರ್ ತರಿಸಿದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಮಾದರಿಯ ಹಿತ್ತಾಳೆ ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯುವ ಸಾಧನ) ತರಿಸಿದವರು, ಮುಳ್ಳು ಸದಾ 'ಬಿರುಗಾಳಿ' ಕಡೆಗೇ ನಿಂತಿದೆ, ವಾಪಸ್ ಕಳಿಸೋಣವೇ ಅಂತ ಕೇಳುತ್ತಿದ್ದೀರಿ. ತಾಳಿ, ಅದು ಕೆಟ್ಟಿಲ್ಲ. ಡಯಲ್ ಇರುವುದು ಸಮುದ್ರ ಮಟ್ಟದ ಲೆಕ್ಕಕ್ಕೆ. ನಮ್ಮ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ ಅಲ್ವಾ? ಸಮುದ್ರ ಮಟ್ಟದಲ್ಲಿ ಒತ್ತಡ 1013 ಮಿಲಿಬಾರ್ (ಒತ್ತಡದ ಅಳತೆ) ಇದ್ದರೆ ಇಲ್ಲಿ 925ರ ಆಸುಪಾಸು. ಒತ್ತಡ ಕಮ್ಮಿ ಇದ್ದರೆ ಡಯಲ್ ಅದನ್ನೇ 'ಬಿರುಗಾಳಿ' ಅನ್ನುತ್ತದೆ.

ಹಿಂಬದಿಯ ಸಣ್ಣ ತಿರುಪನ್ನು ಮೆಲ್ಲಗೆ ತಿರುಗಿಸಿ, ಹವಾಮಾನ ಇಲಾಖೆ ಹೇಳುವ ಸಮುದ್ರ ಮಟ್ಟದ ಒತ್ತಡಕ್ಕೆ ಮುಳ್ಳು ತನ್ನಿ. ಬಿಗಿಯಾದರೆ ಬಲ ಹಾಕಬೇಡಿ. ಕೆಲವು ಇಷ್ಟು ಎತ್ತರಕ್ಕೆ ಹೊಂದುವುದೇ ಇಲ್ಲ. ದಿನಾ ಒಂದೇ ಹೊತ್ತಿಗೆ ನೋಡಿ. ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ತಾನಾಗಿಯೇ ಇಳಿಯುತ್ತದೆ, ಅದಕ್ಕೆಲ್ಲ ಕೊಡೆ ಹುಡುಕಬೇಡಿ!

ಇನ್ನು, ಹವಾಮಾನ ಮೊದಲೇ ಹೇಳುತ್ತದೆ ಅನ್ನುವ ಕರ್ಪೂರದ ದ್ರಾವಣದ ಗಾಜಿನ ಕೊಳವೆ ಸುಮ್ನೆ ಅಂದಕ್ಕೆ. ಅದು ಬದಲಾಗುವುದು ಹೆಚ್ಚಾಗಿ ಬಿಸಿಲು-ಚಳಿಗೆ, ಮಳೆಗಲ್ಲ.